ಟೆಸ್ಟೋಸ್ಟೆರಾನ್ ಡೋಸ್ ಕಮ್ಮಿ ಮಾಡಿದ್ರಾ? ಮೊದಲ ಕೆಲವು ವಾರ ಹೀಗಿರುತ್ತೆ

ವೃಷಣದಲ್ಲಿ ಟೆಸ್ಟೋಸ್ಟೆರಾನ್ ಸಾಕಷ್ಟು ತಯಾರಾಗದ ಗಂಡಸರಿಗೆ ಡಾಕ್ಟರು ಅದನ್ನು ಇಂಜೆಕ್ಷನ್ ಅಥವಾ ಜೆಲ್ ಮೂಲಕ ಕೊಡುತ್ತಾರೆ. ಕೆಲವು ತಿಂಗಳು ಚೆನ್ನಾಗಿ ನಡೆದು, ಆಮೇಲೆ ರಿಪೋರ್ಟ್ ನೋಡಿ 'ಡೋಸ್ ಕಮ್ಮಿ ಮಾಡೋಣ' ಅಂದರೆ ಹಲವರಿಗೆ ಗಾಬರಿ. ಹಳೇ ಸುಸ್ತು ಮತ್ತೆ ಬರುತ್ತಾ ಅನ್ನೋ ಭಯ.

ಕಮ್ಮಿ ಮಾಡಲು ಮುಖ್ಯ ಕಾರಣ ರಕ್ತ ಗಟ್ಟಿಯಾಗುವುದು. ಈ ಹಾರ್ಮೋನ್ ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ. ರಕ್ತದಲ್ಲಿ ಅವುಗಳ ಪಾಲು, ಅಂದರೆ ಹೆಮಟೋಕ್ರಿಟ್, ಶೇ.54 ದಾಟಿದರೆ ಔಷಧಿ ನಿಲ್ಲಿಸಿ, ಇಳಿದ ಮೇಲೆ ಕಡಿಮೆ ಡೋಸಿನಲ್ಲಿ ಶುರು ಮಾಡುವುದು ವೈದ್ಯರ ರೂಢಿ. ಮಾಮೂಲಿ ಸಿಬಿಸಿ ಪರೀಕ್ಷೆಯಲ್ಲೇ ಇದು ಗೊತ್ತಾಗುತ್ತೆ.

ಎನಾಂಥೇಟ್, ಸಿಪಿಯೋನೇಟ್ ಇಂಜೆಕ್ಷನ್ನಿನ ಔಷಧಿ ಸುಮಾರು ಒಂದು ವಾರದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಹೊಸ ಡೋಸಿಗೆ ರಕ್ತದ ಮಟ್ಟ ಹೊಂದಿಕೊಳ್ಳಲು ನಾಲ್ಕೈದು ವಾರ ಬೇಕು. ಅಲ್ಲಿಯವರೆಗೆ ಸುಸ್ತು, ಸಿಡುಕು, ಆಸಕ್ತಿ ಕುಗ್ಗುವುದು ಕೆಲವರಿಗೆ ಆಗುತ್ತೆ. ಅಂಗಡಿಯಲ್ಲಿ ಕೂತು ಮಧ್ಯಾಹ್ನಕ್ಕೇ ಕಣ್ಣು ಎಳೆದರೆ 'ಡೋಸ್ ಸಾಲ್ತಿಲ್ಲ' ಅಂತ ತಕ್ಷಣ ತೀರ್ಮಾನಿಸಬೇಡಿ. ನಿದ್ದೆ, ಊಟ, ಮೂಡ್ ಒಂದು ಡೈರಿಯಲ್ಲಿ ಬರೆದಿಟ್ಟರೆ ಡಾಕ್ಟರಿಗೂ ಅನುಕೂಲ.

ತಪ್ಪಾಗುವುದು ಇಲ್ಲೇ. ಎರಡನೇ ವಾರ ತಾಳಲಾರದೆ ಪರಿಚಯದ ಮೆಡಿಕಲ್ ಶಾಪಿನಿಂದ ಇನ್ನೊಂದು ಇಂಜೆಕ್ಷನ್ ತಂದು ಚುಚ್ಚಿಸಿಕೊಂಡರೆ, ಮುಂದಿನ ರಿಪೋರ್ಟೇ ದಾರಿ ತಪ್ಪಿಸುತ್ತದೆ. ಇದು ಚೀಟಿ ಇಲ್ಲದೆ ಮಾರುವಂತಿಲ್ಲದ ಶೆಡ್ಯೂಲ್ ಎಚ್ ಔಷಧಿ, ಅಂಗಡಿಯವರೂ ನೆನಪಿಡಬೇಕು. ಹಾಗಂತ ಪೂರ್ತಿ ಬಿಟ್ಟುಬಿಡುವುದೂ ಬೇಡ. ಹೊರಗಿನಿಂದ ಬರುತ್ತಿದ್ದಾಗ ದೇಹದ ಸ್ವಂತ ಉತ್ಪಾದನೆ ಮಲಗಿರುತ್ತದೆ, ಏಕಾಏಕಿ ನಿಲ್ಲಿಸಿದರೆ ಕುಸಿತ ಜಾಸ್ತಿ.

ಇಂಜೆಕ್ಷನ್ ಹತ್ತಿರ ಬಂದಾಗ ಮಾತ್ರ ಸುಸ್ತಾಗುತ್ತಾ? ಒಟ್ಟು ಡೋಸ್ ಅದೇ ಇಟ್ಟು, ಸಣ್ಣ ಸಣ್ಣದಾಗಿ ಬೇಗ ಬೇಗ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ. ಟೆಸ್ಟೋಸ್ಟೆರಾನ್ ಪರೀಕ್ಷೆಗೆ ಎರಡು ಇಂಜೆಕ್ಷನ್‌ಗಳ ನಡುವಿನ ದಿನ ಒಳ್ಳೆಯದು. ತಿಂಗಳುಗಟ್ಟಲೆ ಕೆಲಸ ಮಾಡುವ ಅನ್‌ಡೆಕನೋಯೇಟ್ ಇಂಜೆಕ್ಷನ್ ಆದರೆ, ಮುಂದಿನದಕ್ಕೆ ಸ್ವಲ್ಪ ಮೊದಲು. ಹೆಮಟೋಕ್ರಿಟ್ ಮಾತ್ರ ನಿಧಾನ. ಕೆಂಪು ಕಣದ ಆಯಸ್ಸೇ ಸುಮಾರು 120 ದಿನ, ತಿಂಗಳೊಳಗೆ ಇಳಿದಿಲ್ಲ ಅಂತ ಬೇಸರ ಬೇಡ.

ಮಕ್ಕಳಾಗಬೇಕು ಅನ್ನುವವರು ಡಾಕ್ಟರಿಗೆ ಮೊದಲೇ ಹೇಳಬೇಕು. ಟೆಸ್ಟೋಸ್ಟೆರಾನ್ ಚಿಕಿತ್ಸೆ ವೀರ್ಯಾಣು ತಗ್ಗಿಸುತ್ತದೆ, ಡೋಸ್ ಇಳಿಸಿದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ. ಎದೆನೋವು, ಉಬ್ಬಸ ಅಥವಾ ಒಂದೇ ಕಾಲು ಊದಿಕೊಂಡರೆ ಡೋಸಿನ ಲೆಕ್ಕ ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಿ.