ಬಾಡಿಗೆದಾರರಿರುವ ಮನೆಯ ಮಾರಾಟ

ಬಾಡಿಗೆದಾರರು ವಾಸವಾಗಿರುವಾಗಲೇ ಮನೆಯನ್ನೋ ಅಂಗಡಿಯನ್ನೋ ಖರೀದಿ ಪತ್ರದ ಮೂಲಕ ಬೇರೆಯವರ ಹೆಸರಿಗೆ ಮಾಡಿಕೊಡುವುದು. ಇದರಿಂದ ಮಾಲಕರು ಬದಲಾಗುತ್ತಾರೆ, ಬಾಡಿಗೆ ಸಂಬಂಧ ಕಡಿದುಹೋಗುವುದಿಲ್ಲ. ‘ಮನೆ ಮಾರಿದೆ, ಇನ್ನು ನೀವು ಬಿಡಬೇಕು’ ಎನ್ನುವ ಮಾತು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆ ದಿನನಿತ್ಯ ಕೇಳಿಬಂದರೂ ಅದಕ್ಕೆ ಕಾನೂನಿನ ಆಧಾರವಿಲ್ಲ. ದೂಧಗಂಗಾ ದಂಡೆಯ ಸದಲಗಾದಂಥ ಊರುಗಳಲ್ಲಿ ಇಂಥ ವ್ಯವಹಾರ ನಡೆಯುವುದು ಹೆಚ್ಚಾಗಿ ಬಾಯಿಮಾತಿನಲ್ಲಿ. ತಕರಾರುಗಳು ಹುಟ್ಟುವುದೂ ಅಲ್ಲಿಂದಲೇ.

ಮೂಲ ಕಾನೂನು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 109ನೇ ಕಲಂ ಪ್ರಕಾರ ಹಳೆಯ ಮಾಲಕರ ಹಕ್ಕುಗಳೆಲ್ಲ ಕೊಂಡವರಿಗೆ ಬರುತ್ತವೆ. ಇದಕ್ಕೆ ಬಾಡಿಗೆದಾರರ ಒಪ್ಪಿಗೆ ಬೇಕಿಲ್ಲ. ಮಾರಾಟಕ್ಕೆ ಮೊದಲಿನ ಬಾಕಿ ಬಾಡಿಗೆ ಮಾತ್ರ, ಬೇರೆ ಕರಾರಿಲ್ಲದಿದ್ದರೆ, ಹಳೆಯ ಮಾಲಕರಿಗೇ ಸೇರಿದ್ದು. ಮಾರಾಟವಾದದ್ದು ಗೊತ್ತಿಲ್ಲದೆ ಹಳೆಯ ಮಾಲಕರಿಗೆ ಬಾಡಿಗೆ ಕೊಟ್ಟವರು ಹೊಸಬರಿಗೆ ಮತ್ತೊಮ್ಮೆ ಕೊಡಬೇಕಾಗಿಲ್ಲ. ಅಣ್ಣತಮ್ಮಂದಿರು ಪಾಲಾಗಿ ಒಬ್ಬರು ತಮ್ಮ ಭಾಗವನ್ನಷ್ಟೇ ಮಾರುವುದು ಈ ಭಾಗದಲ್ಲಿ ಸಾಮಾನ್ಯ. ಹಾಗೆ ಭಾಗ ಕೊಂಡವರೂ ಆ ಭಾಗದ ಮಟ್ಟಿಗೆ ಮಾಲಕರೇ ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ಮೋಹರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಕೊಳ್ಳುವವರು ನೋಡುವ ಕಾಗದಗಳಲ್ಲಿ ಬಾಡಿಗೆದಾರರ ಸುಳಿವು ಸಿಗುವುದು ಅಪರೂಪ. ಉತಾರದಲ್ಲಿ ಮಾಲಕರ ಹೆಸರಿರುತ್ತದೆ. ಋಣಭಾರ ಪತ್ರದಲ್ಲಿ ನೋಂದಣಿಯಾದ ವ್ಯವಹಾರಗಳಷ್ಟೇ ಕಾಣುತ್ತವೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕೆಂದು 107ನೇ ಕಲಂ ಹೇಳುವುದರಿಂದ ಜನ 11 ತಿಂಗಳ ಬಾಂಡ್ ಬರೆಸಿ ನೋಂದಣಿ ತಪ್ಪಿಸಿಕೊಳ್ಳುತ್ತಾರೆ. ಹೆಸ್ಕಾಂನ ಕರೆಂಟ್ ಬಿಲ್ಲು ಕೂಡ ಹೆಚ್ಚಾಗಿ ಮಾಲಕರ ಹೆಸರಿನಲ್ಲೇ ಬರುತ್ತದೆ, ತುಂಬುವವರು ಯಾರೇ ಇರಲಿ. ಹಾಗಾಗಿ ಬಾಗಿಲು ತಟ್ಟಿ ವಿಚಾರಿಸುವುದೇ ಖಾತ್ರಿಯಾದ ದಾರಿ: ಎಷ್ಟು ವರ್ಷದಿಂದ ಇದ್ದೀರಿ, ಬಾಡಿಗೆ ಯಾರ ಕೈಗೆ ಕೊಡುತ್ತೀರಿ, ಡಿಪಾಸಿಟ್ ಎಷ್ಟು, ಖರೀದಿಗೆಂದು ಸಂಚಕಾರ ಏನಾದರೂ ಕೊಟ್ಟಿದ್ದೀರಾ. ಕೊನೆಯ ಪ್ರಶ್ನೆಯನ್ನು ಬಿಡಬಾರದು. ಸ್ವತ್ತು ಯಾರ ಕಬ್ಜಾದಲ್ಲಿದೆಯೋ ಅವರಿಗಿರುವ ಹಕ್ಕು ಕೊಳ್ಳುವವರಿಗೆ ತಿಳಿದಿತ್ತೆಂದೇ ಕಾಯ್ದೆಯ 3ನೇ ಕಲಂ ಭಾವಿಸುತ್ತದೆ. ಬಾಡಿಗೆದಾರರೇ ಮೊದಲು ಖರೀದಿ ಕರಾರು ಮಾಡಿಕೊಂಡಿದ್ದ ಸ್ವತ್ತನ್ನು ಅವರನ್ನು ಕೇಳದೆಯೇ ಕೊಂಡವರು, ‘ನಮಗೆ ಗೊತ್ತಿರಲಿಲ್ಲ’ ಎಂದು ಪಾರಾಗುವಂತಿಲ್ಲ ಎಂಬುದು ರಾಮ್ ನಿವಾಸ್–ಬಾನೋ ಪ್ರಕರಣದ (2000) ತೀರ್ಪು. ಈ ತತ್ವ ಹಳೆಯದು. ಇಂಗ್ಲೆಂಡಿನ ಡೇನಿಯಲ್ಸ್–ಡೇವಿಸನ್ ಪ್ರಕರಣದ (1809) ಕಾಲದಿಂದ ಬಂದದ್ದು.

ಜಗಳಕ್ಕೆ ಹೆಚ್ಚು ಕಾರಣವಾಗುವುದು ಡಿಪಾಸಿಟ್. ಹಣ ಪಡೆದವರು ಮಾರಿ ಹೋಗಿರುತ್ತಾರೆ, ವಾಪಸು ಕೇಳುವ ಹೊತ್ತಿಗೆ ಎದುರಿಗಿರುವವರು ಹೊಸ ಮಾಲಕರು. ತಿಳಿದವರು ಅಷ್ಟು ಮೊತ್ತವನ್ನು ಖರೀದಿ ಬೆಲೆಯಲ್ಲಿ ಮುರಿದುಕೊಂಡು, ಅದನ್ನು ಖರೀದಿ ಪತ್ರದಲ್ಲೇ ಬರೆಸುತ್ತಾರೆ. ಜೊತೆಗೆ ಹಳೆಯ ಮಾಲಕರ ಸಹಿಯಿರುವ ಒಂದು ಚೀಟಿ ಬಾಡಿಗೆದಾರರಿಗೆ ಹೋಗಬೇಕು: ‘ಈ ಮನೆಯನ್ನು ಇಂಥ ತಾರೀಖಿಗೆ ಇಂಥವರಿಗೆ ಖರೀದಿ ಕೊಟ್ಟಿದ್ದೇನೆ. ಬರುವ ತಿಂಗಳಿಂದ ಬಾಡಿಗೆಯನ್ನು ಅವರಿಗೇ ಕೊಡತಕ್ಕದ್ದು. ನಿಮ್ಮ ಡಿಪಾಸಿಟ್ ಅವರ ಕಡೆ ವರ್ಗವಾಗಿದೆ.’ ಈ ಮೂರು ಸಾಲು ಬರೆಯಲು ಬೇಸರಪಟ್ಟವರು ಮುಂದೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದುಂಟು. ಬಾಡಿಗೆಯಿಲ್ಲದೆ ದೊಡ್ಡ ಮೊತ್ತ ಪಡೆದು ಮನೆ ಬಿಟ್ಟುಕೊಡುವ ಭೋಗ್ಯದ ಲೆಕ್ಕ ಬೇರೆ. ಅದು ನಿಜಕ್ಕೂ ಭೋಗ್ಯ ಅಡಮಾನವಾಗಿದ್ದರೆ ಹಣ ತೀರುವವರೆಗೆ ಮನೆ ಹಣ ಕೊಟ್ಟವರ ತಾಬಾದಲ್ಲೇ ಇರುತ್ತದೆ.

ತೆರವು ಬೇಕೆಂದರೆ, ತಿಂಗಳ ಬಾಡಿಗೆಯ ಮನೆಗೆ 106ನೇ ಕಲಂ ಪ್ರಕಾರ 15 ದಿನಗಳ ಲಿಖಿತ ನೋಟಿಸು ಕೊಡಬೇಕು; ಆಮೇಲೂ ಬಿಡದಿದ್ದರೆ ದಾವೆ ಹೂಡಬೇಕು. ನೋಂದಾಯಿತ ಅವಧಿ ಕರಾರಿದ್ದರೆ ಸಾಮಾನ್ಯವಾಗಿ ಆ ಅವಧಿ ಮುಗಿಯುವ ತನಕ ಕಾಯಬೇಕು. ಬೀಗ ಜಡಿದು ಹೊರಹಾಕಿದರೆ, ಆರು ತಿಂಗಳೊಳಗೆ ದಾವೆ ಹೂಡಿ ಕಬ್ಜಾ ಮರಳಿ ಪಡೆಯುವ ಹಕ್ಕನ್ನು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಕೊಟ್ಟಿದೆ. 2001ರ ಡಿಸೆಂಬರ್ 31ರಂದು ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ 1999ರ ರಕ್ಷಣೆ ಹೆಚ್ಚಿನದು. ಆದರೆ ತಿಂಗಳ ಬಾಡಿಗೆ ದೊಡ್ಡ ನಗರಗಳಲ್ಲಿ 3,500, ಉಳಿದೆಡೆ 2,000 ರೂಪಾಯಿ ಮೀರಿದರೆ ಅದು ಅನ್ವಯಿಸುವುದಿಲ್ಲ. 14 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳೂ ಅದರ ಹೊರಗೆ. ಇಂದಿನ ಬಾಡಿಗೆ ದರದಲ್ಲಿ ಆ ರಕ್ಷಣೆ ಎಷ್ಟು ಮಂದಿಗೆ ಉಳಿದಿದೆಯೆಂದು ಯಾರಾದರೂ ಊಹಿಸಬಹುದು.

ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಆಗ ಇಲ್ಲಿ ನಡೆಯುತ್ತಿದ್ದದ್ದು 1947ರ ಮುಂಬಯಿ ಬಾಡಿಗೆ ಕಾಯ್ದೆ. 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆ ಬಂದ ಮೇಲೆ ಅದು ಹೋಯಿತು. ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯಲ್ಲಿ ಈಗಿರುವುದು ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 1999. ಅದರಲ್ಲಿ ಎಲ್ಲ ಬಾಡಿಗೆ ಕರಾರುಗಳ ನೋಂದಣಿ ಕಡ್ಡಾಯ, ಪಗಡಿ (ಬಾಡಿಗೆಗೆ ಕೊಡಲು ಮೇಲಿಂದ ಪಡೆಯುವ ಹಣ) ಪಡೆಯುವುದೂ ಸಕ್ರಮ. ಆ ಜಿಲ್ಲೆಯ ಇಚಲಕರಂಜಿಯಲ್ಲಿ ಅಂಗಡಿ ಮಾಡಿದವರು ಅಲ್ಲಿನ ರೂಢಿಯನ್ನೇ ಸದಲಗಾಕ್ಕೂ ಅನ್ವಯಿಸಿದರೆ ಮೋಸಹೋಗುತ್ತಾರೆ.

2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಈ ಭಾಗದ ನದಿಗಳು ಉಕ್ಕಿ ದಂಡೆಯ ಊರುಗಳಿಗೆ ನೀರು ನುಗ್ಗಿತು. ನೆರೆಯಿಂದ ಮನೆಯ ಮುಖ್ಯ ಭಾಗ ಬಳಕೆಗೆ ಬಾರದಂತೆ ಶಾಶ್ವತವಾಗಿ ಹಾಳಾದರೆ ಕರಾರು ಮುರಿಯುವ ಆಯ್ಕೆ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ ಬಾಡಿಗೆದಾರರದು. ಮನೆ ಮಾರಾಟವಾಗಿದ್ದರೂ ಈ ಆಯ್ಕೆ ಅವರಿಗೆ ಉಳಿದಿರುತ್ತದೆ.

ಹೊಲಕ್ಕೆ ಈ ನಿಯಮಗಳನ್ನು ಹಚ್ಚುವಂತಿಲ್ಲ. ಜನ ‘ಕುಳ ಕಾಯ್ದೆ’ ಎನ್ನುವ ಭೂಸುಧಾರಣಾ ಶಾಸನದ ತಿದ್ದುಪಡಿಯಿಂದ ಗೇಣಿ ಜಮೀನುಗಳು 1974ರ ಮಾರ್ಚ್ 1ರಂದು ಸರ್ಕಾರಕ್ಕೆ ಸೇರಿದವು. ಅವನ್ನು ಉಳುವವರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಮೂಲಕ ಪಡೆದರು. ಅಂದಿನಿಂದ ಹೊಲವನ್ನು ಗೇಣಿಗೆ ಕೊಡುವುದಕ್ಕೆ ನಿರ್ಬಂಧವಿದೆ. ಆದರೂ ಲಾವಣಿ (ಗೇಣಿ) ಬಾಯಿಮಾತಿನಲ್ಲಿ ನಡೆದೇ ಇದೆ. ಕಬ್ಬು ನಿಂತಿರುವಾಗ ಹೊಲ ಮಾರಾಟವಾದರೆ ಕೂಳೆ ಬೆಳೆ ಯಾರದೆಂಬುದನ್ನು ಊರ ಹಿರಿಯರ ಮುಂದೆಯೇ ತೀರ್ಮಾನಿಸಿಕೊಳ್ಳುತ್ತಾರೆ. ಕೋರ್ಟಿಗೆ ಒಯ್ಯಲು ಇಬ್ಬರ ಕೈಯಲ್ಲೂ ಕಾಗದವಿರುವುದಿಲ್ಲ.