ಮರಗಪ್ಪೆಗೊಂದು ಗಾಜಿನ ಮನೆ

ಜರ್ಮನಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಕಾಗದ ಬರೆದಿದ್ದ. ಅವನ ಮಗಳು ಮರಗಪ್ಪೆ ಸಾಕಬೇಕೆಂದು ಹಟ ಹಿಡಿದಿದ್ದಾಳಂತೆ. ಅದಕ್ಕೆಂದು ಅಂಗಡಿಯವನು ತೋರಿಸಿದ ಗಾಜಿನ ಪೆಟ್ಟಿಗೆ ನಮ್ಮ ಮನೆಯ ದೇವರ ಮಂಟಪಕ್ಕಿಂತ ಎತ್ತರವಾಗಿತ್ತಂತೆ. "ಒಂದು ಕಪ್ಪೆಗೆ ಇಷ್ಟೆಲ್ಲ ಬೇಕೇ ಸಾರ್?" ಎಂಬುದು ಅವನ ಪ್ರಶ್ನೆ. ನಮ್ಮ ಕಡೆ ಮಳೆಗಾಲ ಬಂತೆಂದರೆ ಮರಗಪ್ಪೆ ಕರೆಯದೆಯೇ ಬಚ್ಚಲುಮನೆಗೆ ಬಂದು, ಹಂಡೆಯ ಹಿಂದಿನ ಗೋಡೆಗೆ ಅಂಟಿಕೊಂಡು ಕುಳಿತುಬಿಡುತ್ತದೆ. ಅದಕ್ಕೆ ಮನೆ ಕಟ್ಟಿಕೊಡಬೇಕೆಂಬ ಯೋಚನೆಯೇ ನಮಗೆ ಬಾರದು. ಆದರೆ ಚರಿತ್ರೆಯ ಪಾಠ ಹೇಳಿ ಬದುಕಿದವನಿಗೆ ಯಾವ ವಸ್ತುವನ್ನು ಕಂಡರೂ ಇದು ಎಲ್ಲಿಂದ ಬಂತು ಎಂದು ಕೇಳುವ ಚಟ ಬಿಡುವುದಿಲ್ಲ. ಅವನಿಗೆ ಬರೆದ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇನೆ.

ಮನೆಯೊಳಗೆ ಮರಗಪ್ಪೆ ಇಡುವ ಪದ್ಧತಿ ಬಹುಕಾಲ ರೂಢಿಯಲ್ಲಿದ್ದದ್ದು ಅವನಿರುವ ನಾಡಿನಲ್ಲಿಯೇ ಎಂಬುದು ಒಂದು ಸ್ವಾರಸ್ಯ. ಐರೋಪ್ಯ ಮರಗಪ್ಪೆ ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ, ಎಳೆಯ ಎಲೆಯ ಹಸಿರಿನ ಪ್ರಾಣಿ. ಜರ್ಮನರು ಅದನ್ನು 'ಎಲೆಗಪ್ಪೆ' ಎನ್ನುತ್ತಾರೆ. ನಮ್ಮ ಉಪ್ಪಿನಕಾಯಿ ಭರಣಿಯಂಥ ಒಂದು ಗಾಜಿನ ಜಾಡಿ, ತಳದಲ್ಲಿ ಎರಡು ಬೆರಳಷ್ಟು ನೀರು, ನಡುವೆ ಕಡ್ಡಿಗಳಿಂದ ಮಾಡಿದ ಪುಟ್ಟ ಏಣಿ, ಬಾಯಿಗೆ ತೂತುಳ್ಳ ಮುಚ್ಚಳ: ಇಷ್ಟೇ ಕಪ್ಪೆಯ ಮನೆ. ಕಪ್ಪೆ ಏಣಿ ಹತ್ತಿದರೆ ಬಿಸಿಲು, ಕೆಳಗಿಳಿದು ನೀರಿನಲ್ಲಿ ಕುಳಿತರೆ ಮಳೆ. ಜಾಡಿ ಕಿಟಕಿಯ ಬಳಿ ಇರುತ್ತಿತ್ತು. ಮನೆಯ ಯಜಮಾನ ಹೊರಡುವ ಮೊದಲು ಅದನ್ನೊಮ್ಮೆ ನೋಡುತ್ತಿದ್ದ. ಇಂದಿಗೂ ಜರ್ಮನ್ ಭಾಷೆಯಲ್ಲಿ ದೂರದರ್ಶನದಲ್ಲಿ ಹವಾಮಾನ ಹೇಳುವವರನ್ನು ತಮಾಷೆಗೆ 'ಹವಾಗಪ್ಪೆ' ಎಂದೇ ಕರೆಯುವುದುಂಟು.

ಈ ನಂಬಿಕೆಗೆ ಬುಡವೇ ಇಲ್ಲವೆನ್ನಲಾಗದು. ಬೆಚ್ಚಗಿನ ದಿನಗಳಲ್ಲಿ ಕೀಟಗಳು ಮೇಲಕ್ಕೆ ಹಾರುತ್ತವೆ, ಅವುಗಳನ್ನು ಹಿಡಿಯಲು ಕಪ್ಪೆಯೂ ಗಿಡದಲ್ಲಿ ಮೇಲಕ್ಕೆ ಏರುತ್ತದೆ ಎಂಬ ವಿವರಣೆಯುಂಟು. ಆದರೆ ಜಾಡಿಯೊಳಗೆ ಕೀಟವೆಲ್ಲಿ, ಗಾಳಿಯೆಲ್ಲಿ? ಅಲ್ಲಿ ಕಪ್ಪೆ ಏಣಿ ಹತ್ತುತ್ತಿದ್ದದ್ದು ಅದು ಹತ್ತುವ ಜಾತಿಯ ಪ್ರಾಣಿಯಾದ್ದರಿಂದ. ಹತ್ತಲು ಅಲ್ಲಿ ಬೇರೇನೂ ಇರಲಿಲ್ಲ. ಏಣಿಯನ್ನು ಇಟ್ಟದ್ದು ಕಪ್ಪೆಗಾಗಿ ಅಲ್ಲ, ನೋಡುವವರಿಗಾಗಿ. ಬ್ರಿಟನ್ನಿನ ವಿಟ್‌ಬಿ ಎಂಬ ಊರಿನ ವೈದ್ಯ ಜಾರ್ಜ್ ಮೆರಿವೆದರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹನ್ನೆರಡು ಬಾಟಲಿಗಳಲ್ಲಿ ಹನ್ನೆರಡು ಜಿಗಣೆಗಳನ್ನಿಟ್ಟು, ಬಿರುಗಾಳಿಗೆ ಮುನ್ನ ಅವು ಮೇಲೆ ಹತ್ತಿದರೆ ಗಂಟೆ ಬಾರಿಸುವ ಯಂತ್ರವನ್ನು 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ತೋರಿಸಿದ! ಜಿಗಣೆಗಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಕಪ್ಪೆಯನ್ನು ಕಪ್ಪೆಯೆಂದೇ ನೋಡಿದವರೂ ಅದೇ ನಾಡಿನಲ್ಲಿದ್ದರು ಎನ್ನದಿದ್ದರೆ ಅನ್ಯಾಯವಾದೀತು. ನ್ಯೂರೆಂಬರ್ಗ್ ನಗರದ ಚಿತ್ರಕಾರ ಆಗಸ್ಟ್ ಯೋಹಾನ್ ರೋಸೆಲ್ ಫಾನ್ ರೋಸೆನ್‌ಹೋಫ್ (1705–1759) ತನ್ನ ಸೀಮೆಯ ಕಪ್ಪೆಗಳನ್ನು ಕುರಿತು 1758ರಲ್ಲಿ ಮುಗಿಸಿದ ಗ್ರಂಥದಲ್ಲಿ ಮೊಟ್ಟೆಯಿಂದ ಗೊದಮೊಟ್ಟೆ, ಗೊದಮೊಟ್ಟೆಯಿಂದ ಕಪ್ಪೆಯಾಗುವ ಪ್ರತಿಯೊಂದು ಹಂತವನ್ನೂ ತಾನೇ ನೋಡಿ ಬರೆದು ಬಣ್ಣದ ಪಟಗಳಲ್ಲಿ ತೋರಿಸಿದ್ದಾನೆ. ಮರಗಪ್ಪೆಯೂ ಅದರಲ್ಲಿದೆ. ಆದರೂ ಆ ಗ್ರಂಥ ಪಂಡಿತರ ಕಪಾಟಿನಲ್ಲಿ ಉಳಿಯಿತು, ಜಾಡಿ ಜನರ ಕಿಟಕಿಯಲ್ಲಿ ಉಳಿಯಿತು.

ಜಾಡಿಯಿಂದ ಪೆಟ್ಟಿಗೆಗೆ ಬರಲು ಕಾರಣನಾದವನು ಕಪ್ಪೆಯ ಗೊಡವೆಗೇ ಹೋಗದ ಒಬ್ಬ ವೈದ್ಯ. ನಥಾನಿಯಲ್ ಬ್ಯಾಗ್‌ಶಾ ವಾರ್ಡ್ (1791–1868) ಲಂಡನ್ನಿನ ಪೂರ್ವ ಭಾಗದಲ್ಲಿ, ಕಲ್ಲಿದ್ದಲ ಹೊಗೆ ಕವಿದ ಬೀದಿಯಲ್ಲಿ ವಾಸವಾಗಿದ್ದ. ಹಿತ್ತಲಲ್ಲಿ ಜರೀಗಿಡ ಬೆಳೆಸಬೇಕೆಂಬುದು ಅವನ ಆಸೆ. ಹೊಗೆಯ ದೆಸೆಯಿಂದ ಒಂದೂ ಉಳಿಯಲಿಲ್ಲ. 1829ರಲ್ಲಿ ಪತಂಗವೊಂದರ ಕೋಶ ಒಡೆಯುವುದನ್ನು ನೋಡಲೆಂದು ಅದನ್ನು ಹಸಿ ಮಣ್ಣಿನ ಜೊತೆ ಗಾಜಿನ ಸೀಸೆಯಲ್ಲಿಟ್ಟು ಮುಚ್ಚಳ ಹಾಕಿದ. ಕೆಲವು ದಿನಗಳಲ್ಲಿ ಆ ಮಣ್ಣಿನಲ್ಲಿ ಒಂದು ಜರೀಗಿಡವೂ ಒಂದು ಹುಲ್ಲೂ ತಾವಾಗಿ ಮೊಳೆತದ್ದನ್ನು ಕಂಡ. ಹಗಲು ಮಣ್ಣಿನ ತೇವ ಆವಿಯಾಗಿ ಗಾಜಿಗೆ ಹತ್ತುತ್ತಿತ್ತು, ಅದೇ ಹನಿಯಾಗಿ ಮತ್ತೆ ಮಣ್ಣಿಗೆ ಇಳಿಯುತ್ತಿತ್ತು. ಸೀಸೆಯೊಳಗೆ ಒಂದು ಪುಟ್ಟ ಮಳೆಗಾಲ!

1833ರಲ್ಲಿ ಆತ ಗಾಜಿನ ಎರಡು ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು ಹಡಗಿನಲ್ಲಿ ಸಿಡ್ನಿಗೆ ಕಳುಹಿಸಿದ. ಅವು ಜೀವಂತವಾಗಿ ತಲುಪಿದವು. ಮರುಪಯಣದಲ್ಲಿ ಆಸ್ಟ್ರೇಲಿಯದ ಗಿಡಗಳು ಸುಮಾರು ಎಂಟು ತಿಂಗಳು ಕಡಲಿನಲ್ಲಿದ್ದು, ಸುಡುಬಿಸಿಲನ್ನೂ ಹಿಮವನ್ನೂ ದಾಟಿ, ಹಸಿರಾಗಿಯೇ ಲಂಡನ್ ಸೇರಿದವು. 1842ರಲ್ಲಿ ವಾರ್ಡ್ ಈ ಬಗ್ಗೆ ಪುಸ್ತಕವನ್ನೇ ಬರೆದ. ಮುಂದೆ ಚೀನದ ಚಹಾ ಗಿಡಗಳು ಹಿಮಾಲಯದ ತಪ್ಪಲಿಗೆ ಬಂದದ್ದು, 1860ರ ದಶಕದಲ್ಲಿ ದಕ್ಷಿಣ ಅಮೆರಿಕದ ಸಿಂಕೋನಾ ನಮ್ಮ ನೆರೆಯ ನೀಲಗಿರಿಗೆ ಬಂದದ್ದು ಇಂಥ ಪೆಟ್ಟಿಗೆಗಳ ನೆರವಿನಿಂದಲೇ. ಚಳಿಜ್ವರಕ್ಕೆ ಕ್ವಿನೈನ್ ಮಾತ್ರೆ ನುಂಗಿ ಮುಖ ಹುಳ್ಳಗೆ ಮಾಡಿಕೊಂಡ ನಮ್ಮ ಹಿರಿಯರಿಗೆ ಈ ವೈದ್ಯನ ಹೆಸರು ಗೊತ್ತಿರಲಾರದು.

1845ರಲ್ಲಿ ಬ್ರಿಟನ್ ಗಾಜಿನ ಮೇಲಿನ ತೆರಿಗೆಯನ್ನು ತೆಗೆದುಹಾಕಿತು. ಗಾಜು ಅಗ್ಗವಾಯಿತು, ಜರೀಗಿಡದ ಪೆಟ್ಟಿಗೆ ಮಧ್ಯಮ ವರ್ಗದ ನಡುಮನೆಗೆ ಬಂತು. 1849ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯ ಹಾವು-ಹಲ್ಲಿಗಳಿಗೆ, 1853ರಲ್ಲಿ ಮೀನುಗಳಿಗೆ ಪ್ರತ್ಯೇಕ ಮನೆಗಳನ್ನು ತೆರೆಯಿತು. ಜರೀಗಿಡವಿದ್ದಲ್ಲಿ ಒಂದು ಕಪ್ಪೆಯೂ ಇದ್ದರೆ ಚೆನ್ನ ಎಂದು ಯಾರಿಗಾದರೂ ತೋರದೆ ಇದ್ದೀತೇ? ಆದರೆ ಗಿಡಕ್ಕೆ ಒಗ್ಗಿದ್ದು ಕಪ್ಪೆಗೆ ಒಗ್ಗಲಿಲ್ಲ. ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಗಾಳಿ ಕೆಡುತ್ತದೆ, ತೇವ ಕೊಳೆಯುತ್ತದೆ, ಕಪ್ಪೆಯ ಚರ್ಮಕ್ಕೆ ಸೋಂಕು ತಗಲುತ್ತದೆ. ಪೆಟ್ಟಿಗೆಯನ್ನು ಒಳಗಿರುವ ಪ್ರಾಣಿಯ ಅಗತ್ಯಕ್ಕೆ ತಕ್ಕಂತೆ ಕಟ್ಟಬೇಕು ಎಂಬ ವಿದ್ಯೆ ಪುಸ್ತಕವಾಗಿ ಬಂದದ್ದು ಇನ್ನೊಂದು ತಲೆಮಾರಿನ ಮೇಲೆ. ಯೋಹಾನ್ ಫಾನ್ ಫಿಷರ್ 1884ರಲ್ಲಿ ಫ್ರಾಂಕ್‌ಫರ್ಟಿನಲ್ಲಿ, ಗ್ರೆಗರಿ ಬೇಟ್‌ಮನ್ 1897ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಗ್ರಂಥಗಳು ಈ ದಾರಿಯ ಮೊದಲ ಮೈಲಿಗಲ್ಲುಗಳು.

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಪೆಟ್ಟಿಗೆ ಅಗಲಕ್ಕಿಂತ ಎತ್ತರವಾಗಿರುವುದೇಕೆ? ಮರಗಪ್ಪೆಗೆ ಬೆರಳ ತುದಿಯಲ್ಲಿ ಅಂಟುವ ಬಿಲ್ಲೆಗಳಿವೆ. ಅದರ ಬದುಕು ನೆಲದ ಉದ್ದಗಲದಲ್ಲಿಲ್ಲ, ಮರದ ಎತ್ತರದಲ್ಲಿದೆ. ಆದ್ದರಿಂದ ಅದರ ಭಾರ ತಡೆಯುವ ಓರೆ ಕೊಂಬೆಗಳು, ಹಗಲು ಅಡಗಿ ಮಲಗಲು ಅಗಲ ಎಲೆಯ ಗಿಡಗಳು ಬೇಕು. ಗಾಳಿ ಕೆಳಗಿನಿಂದ ಒಳಬಂದು ಮೇಲಿನಿಂದ ಹೊರಹೋಗಲು ಜಾಲರಿ ಬೇಕು. ಕಪ್ಪೆ ನೀರನ್ನು ಬಾಯಿಂದ ಕುಡಿಯುವುದಿಲ್ಲ, ಹೊಟ್ಟೆಯ ಕೆಳಭಾಗದ ಚರ್ಮದಿಂದ ಹೀರುತ್ತದೆ. ನೀರಿನಲ್ಲಿ ಏನಿದೆಯೋ ಅದೆಲ್ಲ ಮೈಸೇರಬಹುದು. ಹಾಗಾಗಿ ನಲ್ಲಿಯ ನೀರಿನ ಕ್ಲೋರಿನ್ ತೆಗೆದೇ ಅದರ ಬಟ್ಟಲಿಗೆ ಹಾಕಬೇಕು, ಆ ಬಟ್ಟಲನ್ನು ದಿನವೂ ತೊಳೆಯಬೇಕು. ಬರಿಗೈಯಲ್ಲಿ ಕಪ್ಪೆಯನ್ನು ಮತ್ತೆಮತ್ತೆ ಹಿಡಿಯಬಾರದೆನ್ನುವುದಕ್ಕೂ ಇದೇ ಕಾರಣ. ಮನೆಯಲ್ಲಿ ಸಾಕಿದ ಚಿಮ್ಮಂಡೆಯಲ್ಲಿ ಸುಣ್ಣದಂಶ ಕಡಿಮೆ. ಅದರ ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಡದಿದ್ದರೆ ಕಪ್ಪೆಯ ಮೂಳೆ ಮೆತ್ತಗಾಗುತ್ತದೆ. ಹಳೆಯ ಜಾಡಿಯಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ಏಣಿ ಇತ್ತು.

ಜರ್ಮನಿಯ ಎಲೆಗಪ್ಪೆ ಇಂದು ಕಾನೂನಿನ ಕಟ್ಟುನಿಟ್ಟಾದ ರಕ್ಷಣೆಯಲ್ಲಿದೆ. ಕಾಡಿನಿಂದ ಹಿಡಿದು ತರುವಂತಿಲ್ಲ. ಆ ಹುಡುಗಿ ಆಸೆಪಟ್ಟಿರುವುದು ಆಸ್ಟ್ರೇಲಿಯ ಮೂಲದ, ಅಂಗೈಯಗಲದ, ಸದಾ ಮುಗುಳ್ನಗುವಂತೆ ಕಾಣುವ ದೊಡ್ಡ ಹಸಿರು ಮರಗಪ್ಪೆಯನ್ನು. ಸಿಡ್ನಿಗೆ ಮೊದಲ ಬಂದಿಗಳನ್ನು ಕರೆದೊಯ್ದ ಹಡಗುಗಳ ವೈದ್ಯ ಜಾನ್ ವೈಟ್ 1790ರ ತನ್ನ ಪ್ರವಾಸಗ್ರಂಥದಲ್ಲಿ ಇದನ್ನು ಪರಿಚಯಿಸಿದ. ವಿಚಿತ್ರವೆಂದರೆ ಅದರ ಶಾಸ್ತ್ರೀಯ ನಾಮದ ಅರ್ಥ 'ನೀಲಿ'. ಚರ್ಮದ ಹಳದಿ ಬಣ್ಣ ಸಂರಕ್ಷಕ ದ್ರವದಲ್ಲಿ ಕರಗಿಹೋಗಿ, ಇಂಗ್ಲೆಂಡು ಸೇರಿದ ಮಾದರಿ ನೀಲಿಯಾಗಿ ಕಂಡಿತ್ತು. ಶಾಲೆಯ ಪ್ರಯೋಗಾಲಯದ ಫಾರ್ಮಲಿನ್ ಬಾಟಲಿಗಳನ್ನು ನೋಡಿದ ನಿಮಗೆ ಇದು ಸುಲಭವಾಗಿ ಅರ್ಥವಾದೀತು. ಸರಿಯಾಗಿ ನೋಡಿಕೊಂಡರೆ ಈ ಕಪ್ಪೆ ಹದಿನೈದು ವರ್ಷವನ್ನೂ ದಾಟಿ ಬದುಕುತ್ತದೆ. ಹುಡುಗಿ ಕಾಲೇಜಿಗೆ ಹೋದಮೇಲೆ ಚಿಮ್ಮಂಡೆ ಹಾಕುವವರು ಯಾರೆಂದು ಈಗಲೇ ತೀರ್ಮಾನಿಸಿಕೊಳ್ಳುವಂತೆ ಬರೆದಿದ್ದೇನೆ.

ಇನ್ನೊಂದು ಮಾತಿದೆ, ಅದು ಕಹಿಯಾದದ್ದು. ವಾರ್ಡನ ಪೆಟ್ಟಿಗೆಯಲ್ಲಿ ಗಿಡದೊಂದಿಗೆ ಮಣ್ಣು, ಹುಳು, ರೋಗಗಳೂ ಸಮುದ್ರ ದಾಟಿದವು. ಕಪ್ಪೆಗಳ ವ್ಯಾಪಾರದಲ್ಲಿಯೂ ಹಾಗೆಯೇ ಆಯಿತು. ಕಿಟ್ರಿಡ್ ಎಂಬ ಜಾತಿಯ ಒಂದು ಶಿಲೀಂಧ್ರ ಕಪ್ಪೆಯ ಚರ್ಮವನ್ನು ಹಿಡಿಯುತ್ತದೆ; ಚರ್ಮದ ಮೂಲಕ ಲವಣಗಳ ಹೋಗುಬರವು ಕೆಟ್ಟು ಕೊನೆಗೆ ಹೃದಯ ನಿಲ್ಲುತ್ತದೆ. 1998ರಲ್ಲಿ ಆಸ್ಟ್ರೇಲಿಯ ಮತ್ತು ಪನಾಮಾದ ಕಪ್ಪೆಗಳ ಸಾವಿಗೆ ಇದೇ ಕಾರಣವೆಂದು ವಿಜ್ಞಾನಿಗಳು ವರದಿ ಮಾಡಿದರು. ಮರುವರ್ಷ ಅದಕ್ಕೆ ಹೆಸರಿಟ್ಟು ವಿವರಿಸಲು ನೆರವಾದದ್ದು ವಾಷಿಂಗ್ಟನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸತ್ತ ಒಂದು ನೀಲಿ ವಿಷಗಪ್ಪೆ. 2018ರ ಒಂದು ಅಧ್ಯಯನ ಈ ಶಿಲೀಂಧ್ರದ ಮೂಲವನ್ನು ಪೂರ್ವ ಏಷ್ಯದಲ್ಲಿ ಗುರುತಿಸಿ, ಇಪ್ಪತ್ತನೆಯ ಶತಮಾನದಲ್ಲಿ ಅದು ಹರಡಿದ್ದಕ್ಕೆ ಉಭಯಚರಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಕಾರಣವೆಂದಿತು. 2019ರ ಮತ್ತೊಂದು ಲೆಕ್ಕದ ಪ್ರಕಾರ ಕನಿಷ್ಠ 501 ಪ್ರಭೇದಗಳು ಇದರಿಂದ ಕ್ಷೀಣಿಸಿವೆ. ಅವುಗಳಲ್ಲಿ 90 ಅಳಿದುಹೋಗಿವೆಯೆಂದು ನಂಬಲಾಗಿದೆ. ಪೆಟ್ಟಿಗೆ ತೊಳೆದ ನೀರನ್ನು ಹೊರಗಿನ ಹಳ್ಳಕ್ಕೆ ಚೆಲ್ಲಬಾರದು, ಸಾಕಿದ ಕಪ್ಪೆಯನ್ನು ಬೇಸರವಾಯಿತೆಂದು ಹೊರಗೆ ಬಿಡಬಾರದು ಎಂದು ತಿಳಿದವರು ಒತ್ತಿ ಹೇಳುವುದು ಇದಕ್ಕಾಗಿ.

ಈ ರೋಗ ಪನಾಮಾದ ಕಾಡುಗಳಲ್ಲಿ ಪೂರ್ವಕ್ಕೆ ಹಬ್ಬುತ್ತ ಬರುತ್ತಿದ್ದಾಗ, ಅದು ಮುಟ್ಟುವ ಮೊದಲೇ ಕಪ್ಪೆಗಳನ್ನು ಉಳಿಸಬೇಕೆಂದು ಅಮೆರಿಕದ ಅಟ್ಲಾಂಟಾ ನಗರದ ಸಸ್ಯೋದ್ಯಾನ ಮತ್ತು ಪ್ರಾಣಿಸಂಗ್ರಹಾಲಯದವರು 2005ರಲ್ಲಿ ಎಲ್ ವಾಯ್ಯೆ ಎಂಬಲ್ಲಿಗೆ ಹೋದರು. 2006ರಲ್ಲಿ ಅದೇ ಊರಿನ ಹೋಟೆಲೊಂದರ ಕೋಣೆಗಳನ್ನೇ ಬಾಡಿಗೆಗೆ ಹಿಡಿದು ಕಪ್ಪೆಗಳನ್ನು ಪೆಟ್ಟಿಗೆಗಳಲ್ಲಿ ಇರಿಸಿದ್ದೂ ಉಂಟು. ಅಟ್ಲಾಂಟಾಕ್ಕೆ ತಂದವುಗಳಲ್ಲಿ ಅದುವರೆಗೆ ಹೆಸರೇ ಇಲ್ಲದಿದ್ದ ಒಂದು ದೊಡ್ಡ ಮರಗಪ್ಪೆಯೂ ಇತ್ತು. ನೀರು ತುಂಬಿದ ಮರದ ಪೊಟರೆಯಲ್ಲಿ ಮೊಟ್ಟೆಯಿಟ್ಟು, ಗಂಡು ಕಪ್ಪೆಯೇ ಕಾವಲಿದ್ದು, ತನ್ನ ಬೆನ್ನಿನ ಚರ್ಮವನ್ನು ಮರಿಗಳಿಗೆ ಆಹಾರವಾಗಿ ಒಡ್ಡುವ ಜಾತಿಯದು. 2008ರಲ್ಲಿ ಅದಕ್ಕೆ ಶಾಸ್ತ್ರೀಯ ನಾಮಕರಣವಾಯಿತು. ಅಷ್ಟರಲ್ಲಿ ಕಾಡಿನಲ್ಲಿ ಅದು ಬಹುಮಟ್ಟಿಗೆ ಇಲ್ಲವಾಗಿತ್ತು. ಎಷ್ಟು ಪ್ರಯತ್ನಿಸಿದರೂ ಸೆರೆಯಲ್ಲಿ ಮರಿಗಳು ಉಳಿಯಲಿಲ್ಲ. 2012ರ ಹೊತ್ತಿಗೆ ಉಳಿದದ್ದು ಒಂದೇ ಒಂದು ಗಂಡು. ನೋಡಿಕೊಳ್ಳುವವರು ಅದನ್ನು ಟಫಿ ಎಂದು ಕರೆಯುತ್ತಿದ್ದರು. ಸಸ್ಯೋದ್ಯಾನದ ರೋಗಮುಕ್ತ ಕೋಣೆಯೊಂದರಲ್ಲಿ, ಬೇಕಾದ ಉಷ್ಣತೆ, ಬೇಕಾದ ತೇವ, ಬೇಕಾದ ಆಹಾರದೊಡನೆ ಅದು ಇನ್ನೂ ನಾಲ್ಕು ವರ್ಷ ಬದುಕಿತು. 2014ರಲ್ಲಿ ಅದು ಹೆಣ್ಣಿಗಾಗಿ ಕೂಗಿದ ಸದ್ದನ್ನು ಅಲ್ಲಿನವರು ಧ್ವನಿಮುದ್ರಿಸಿಕೊಂಡಿದ್ದಾರೆ. 2016ರ ಸೆಪ್ಟೆಂಬರ್ 26ರಂದು, ಪ್ರತಿದಿನದಂತೆ ನೋಡಲು ಹೋದ ಸಿಬ್ಬಂದಿಗೆ ಅದು ತನ್ನ ಪೆಟ್ಟಿಗೆಯಲ್ಲಿ ಸತ್ತಿರುವುದು ಕಂಡಿತು.