ವಕೀಲರಿಲ್ಲದ ಗಲ್ಲು ಶಿಕ್ಷೆ: ಹೈದರಾಬಾದಿನ ಜನಾರ್ದನ ರೆಡ್ಡಿ ಕೇಸು

ಹೋದ ವಾರದ ಮಾತು ಉದ್ದ ಆಯ್ತು ಅಂದ್ರಿ, ಅದಕ್ಕೇ ಬರಹವನ್ನ ಚಿಕ್ಕದು ಮಾಡಿದ್ದೀನಿ.

ನಮ್ಮ ಮಿಯಾಪುರದಿಂದ ಮೆಟ್ರೋ ಹತ್ತಿ ಎಂಜಿಬಿಎಸ್‌ನಲ್ಲಿ ಇಳಿದರೆ ಮೂಸಿ ದಡದ ಹೈಕೋರ್ಟು ಹತ್ತಿರವೇ. ಊರಿನ ಬಸ್ಸು ಹಿಡಿಯೋಕೆ ಅಲ್ಲಿಗೆ ಹೋಗೋ ಬೀದರ್, ಕಲಬುರಗಿ, ರಾಯಚೂರಿನವರು ಗಮನಿಸಿ: 1956ರವರೆಗೆ ನಿಮ್ಮ ಅಜ್ಜಂದಿರ ಹೈಕೋರ್ಟೂ ಹೈದರಾಬಾದಿನದೇ. ಇವತ್ತಿನ ಕೇಸು ಆ ಕಾಲದ್ದು. ಹೆಸರು ಜನಾರ್ದನ ರೆಡ್ಡಿ ಕೇಸು. ಬಳ್ಳಾರಿ ನೆನಪಾಯ್ತಾ? ಅವರಲ್ಲ.

1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ಮುಗಿದು ಹೈದರಾಬಾದು ಮಿಲಿಟರಿ ಗವರ್ನರ್ ಜೆ.ಎನ್. ಚೌಧುರಿ ಅವರ ಕೈಗೆ ಬಂತು. ತೆಲಂಗಾಣದ ರೈತ ಹೋರಾಟ ಮಾತ್ರ ನಿಲ್ಲಲಿಲ್ಲ. ಕೊಲೆ ಆರೋಪ ಹೊತ್ತ ಹೋರಾಟಗಾರರ ವಿಚಾರಣೆ ವಿಶೇಷ ನ್ಯಾಯಮಂಡಳಿಯಲ್ಲಿ ನಡೆದು 1949ರಲ್ಲಿ ಗಲ್ಲು ಶಿಕ್ಷೆ ಆಯ್ತು. ಡಿಸೆಂಬರ್‌ನಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದಾಗಿ ಸುಮಾರು ಆರು ವಾರಕ್ಕೆ, 1950ರ ಜನವರಿ 26ಕ್ಕೆ, ಸಂವಿಧಾನ ಜಾರಿಗೆ ಬಂತು.

ಈ ಆರು ವಾರವೇ ಅವರಿಗೆ ಮುಳುವಾಯ್ತು ನೋಡಿ. ಅಪೀಲು ಹಾಕಿದರೆ ಸುಪ್ರೀಂ ಕೋರ್ಟು, ಸಂವಿಧಾನಕ್ಕಿಂತ ಮೊದಲೇ ತೀರ್ಪು ಅಂತಿಮವಾಗಿದೆ, ಅಪೀಲು ಕೇಳುವ ಅಧಿಕಾರ ನಮಗಿಲ್ಲ ಅಂದಿತು. ಆಮೇಲೆ ಉಳಿದದ್ದು ಹೇಬಿಯಸ್ ಕಾರ್ಪಸ್. ಮುಂದೆ ಕೀನ್ಯಾದ ಜೋಮೊ ಕೆನ್ಯಾಟಾ ಪರ ನಿಂತ ಬ್ರಿಟಿಷ್ ಬ್ಯಾರಿಸ್ಟರ್ ಡಿ.ಎನ್. ಪ್ರಿಟ್ ಇವರ ಪರ ವಾದಿಸಿದರು. ಮುಖ್ಯ ತಕರಾರು: ಜೀವ ಹೋಗುವ ಕೇಸಲ್ಲಿ ನ್ಯಾಯಮಂಡಳಿ ಇವರಿಗೆ ವಕೀಲರನ್ನೇ ನೇಮಿಸಲಿಲ್ಲ, ಹಾಗಾಗಿ ವಿಚಾರಣೆಯೇ ಅಸಿಂಧು.

ಅಮೆರಿಕದ ಪೊವೆಲ್ ಕೇಸೂ ಚರ್ಚೆಗೆ ಬಂತು. 1931ರಲ್ಲಿ ಅಲಬಾಮಾದ ಕಪ್ಪು ಹುಡುಗರ ಮೇಲೆ ಅತ್ಯಾಚಾರದ ಆರೋಪ. ಜಡ್ಜು ಊರಿನ ಎಲ್ಲ ವಕೀಲರನ್ನೂ ಒಟ್ಟಿಗೆ ನೇಮಿಸಿಬಿಟ್ಟರು! ಎಲ್ಲರ ಕೆಲಸ ಅಂದ್ರೆ ಯಾರ ಕೆಲಸವೂ ಅಲ್ಲ, ಆಫೀಸಿನ ಗ್ರೂಪ್ ಮೇಲ್ ಥರ. 1932ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನ ರದ್ದು ಮಾಡಿತು.

ನಮ್ಮಲ್ಲಿ 1951ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ಫಜಲ್ ಅಲಿ ತೀರ್ಪು ಬರೆದರು. ವಕೀಲರನ್ನ ಇಟ್ಟುಕೊಳ್ಳುವುದಕ್ಕೆ ಕಾನೂನು ಅವಕಾಶ ಕೊಡತ್ತೆ, ಆದರೆ ಕೋರ್ಟು ನೇಮಿಸಲಿಲ್ಲ ಅಂದ ಮಾತ್ರಕ್ಕೆ ವಿಚಾರಣೆ ಬಿದ್ದುಹೋಗಲ್ಲ. ಅದರಿಂದ ಅನ್ಯಾಯ ಆಗಿದ್ದರೆ ಅಪೀಲು ಕೋರ್ಟು ಸರಿಪಡಿಸಬಹುದು, ಹೇಬಿಯಸ್ ಕಾರ್ಪಸ್‌ನಲ್ಲಿ ಅದಾಗಲ್ಲ. ಸರಿ, ಆದರೆ ಇವರ ಅಪೀಲಿನ ಬಾಗಿಲನ್ನ ತಾರೀಖೇ ಮುಚ್ಚಿತ್ತಲ್ಲ! ತರ್ಕದಲ್ಲಿ ತಪ್ಪು ಹುಡುಕೋದು ಕಷ್ಟ, ಒಪ್ಪಿಕೊಳ್ಳೋದು ಇನ್ನೂ ಕಷ್ಟ ಅಂತ ನನಗನ್ನಿಸತ್ತೆ. ಕಡೆಗೆ ಇವರ ಜೀವ ಉಳಿಸಿದ್ದು ಕೋರ್ಟಲ್ಲ, ಸರ್ಕಾರ. ಶಿಕ್ಷೆ ಜೀವಾವಧಿಗೆ ಇಳಿಯಿತು.

ಬಡ ಆರೋಪಿಗೆ ಸೆಷನ್ಸ್ ಕೋರ್ಟಲ್ಲಿ ಸರ್ಕಾರದ ಖರ್ಚಲ್ಲೇ ವಕೀಲರು ಅಂತ ಕಾನೂನು ಬಂದದ್ದು 1973ರ ದಂಡ ಪ್ರಕ್ರಿಯಾ ಸಂಹಿತೆಯ 304ನೇ ಕಲಮಿನಲ್ಲಿ. 1978ರ ಹೊಸ್ಕೋಟ್ ಕೇಸಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅಪೀಲಿಗೂ ವಕೀಲರ ನೆರವು ಕೊಡೋದು ಸರ್ಕಾರದ ಕರ್ತವ್ಯ ಅಂದರು.

ಅಲ್ಲಿಗೆ ತಕರಾರು ಮುಗೀತಾ? ಇಲ್ಲ, ರೂಪ ಬದಲಾಯಿತು. ವಕೀಲರು ಇದ್ದಾರಾ ಅನ್ನೋದು ಹೋಗಿ, ಅವರಿಗೆ ಕಡತ ಓದೋಕಾದರೂ ಟೈಮ್ ಸಿಕ್ಕಿತಾ ಅನ್ನೋದು ಬಂತು. 2013ರಲ್ಲಿ ಮಧ್ಯಪ್ರದೇಶದ ಖಂಡ್ವಾದಲ್ಲಿ ಮಗುವಿನ ಕೊಲೆ ಆರೋಪಿಗೆ ಉಚಿತ ವಕೀಲರು ಸಿಕ್ಕ ದಿನವೇ ದೋಷಾರೋಪ ಹೊರಿಸಲಾಯಿತು. ಎರಡೇ ವಾರದಲ್ಲಿ ಗಲ್ಲು ತೀರ್ಪು. 2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನ ರದ್ದು ಮಾಡಿ, ಇಂಥ ಕೇಸಿಗೆ ಕನಿಷ್ಠ 10 ವರ್ಷದ ಅನುಭವ ಇರುವ ವಕೀಲರು ಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಕೊಡಬೇಕು ಅಂದಿತು. ಮರುವಿಚಾರಣೆಯಲ್ಲಿ ಆ ಮನುಷ್ಯನಿಗೆ ಮತ್ತೆ ಗಲ್ಲು ಆಯ್ತು. ಅದೂ ರದ್ದಾಗಿ, 2024ರಲ್ಲಿ ಅದೇ ಖಂಡ್ವಾದ ಕೋರ್ಟು ಬಿಡುಗಡೆ ಮಾಡಿತು. ಅಷ್ಟರಲ್ಲಿ ಹನ್ನೊಂದು ವರ್ಷ ಜೈಲಲ್ಲೇ ಕಳೆದಿತ್ತು.